ವಿಲಿಯಂ ಬಾರ್ಟನ್ ಯಾರ ಮಗ? ಭಟ್ಕಳದ ಗೋರಿಕಲ್ಲಿಗೊಂದು ವ್ಯಾಖ್ಯಾನ

ಅವತಾರಿಕೆ

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಾರೆ. ಎತ್ತಿನ ಮೇಲೆ ಬಂದು ಮನೆಯ ಮುಂದೆ ನಿಂತು, ಈ ಮನೆತನದ ಮೂಲಪುರುಷ ಯಾವ ಊರಿನವನು, ಅವನಿಗೆಷ್ಟು ಗಂಡುಮಕ್ಕಳು, ಯಾವ ಕವಲು ಎಲ್ಲಿಗೆ ಹೋಗಿ ನೆಲೆಸಿತು ಎಂಬುದನ್ನೆಲ್ಲ ಒಪ್ಪಿಸಿ ಕಾಳುಕಡಿ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ನಾನಿರುವ ಗುಜರಾತಿನಲ್ಲಿ ಈ ಕಾಯಕ ವಹೀವಂಚ ಬಾರೋಟರದು. ಅವರು ಚೋಪಡಿ ಬಿಚ್ಚಿ ಓದುತ್ತಾರೆ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ಹೋಗುತ್ತಾರೆ. ಇಂಗ್ಲಿಷರಿಗೆ ಇಂಥ ಹೆಳವರಿರಲಿಲ್ಲ. ಅವರ ಹೆಳವನೆಂದರೆ ಊರ ಚರ್ಚಿನ ಪಾದ್ರಿ. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಹೊರಡಿಸಿದ ಆಜ್ಞೆಯಂತೆ ಪ್ರತಿ ಚರ್ಚಿನಲ್ಲೂ ದೀಕ್ಷಾಸ್ನಾನ, ಮದುವೆ, ಮಣ್ಣು ಈ ಮೂರನ್ನೂ ಪುಸ್ತಕದಲ್ಲಿ ಬರೆದಿಡಬೇಕಾಯಿತು. ಇವತ್ತು ಇಂಗ್ಲೆಂಡಿನಲ್ಲೋ ಆಸ್ಟ್ರೇಲಿಯಾದಲ್ಲೋ ಕೂತು ತಮ್ಮ ಮುತ್ತಾತನ ಮುತ್ತಾತನನ್ನು ಹುಡುಕುವವರೆಲ್ಲ ಕೊನೆಗೆ ಬಂದು ನಿಲ್ಲುವುದು ಆ ಪುಸ್ತಕಗಳ ಮುಂದೆಯೇ.

ಹಡಗು ಹತ್ತಿ ಹೋದವನ ಕತೆ ಬೇರೆ. ಹುಟ್ಟಿದ್ದು ಅಲ್ಲಿಯ ಪುಸ್ತಕದಲ್ಲಿದೆ, ಸತ್ತದ್ದು ಅಲ್ಲಿಲ್ಲ. ಭಾರತದ ಚರ್ಚುಗಳಿಂದ ಲಂಡನ್ನಿಗೆ ಹೋದ ನೋಂದಣಿಯ ನಕಲುಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವು ಶುರುವಾಗುವುದು ಮದ್ರಾಸಿಗೆ 1698ರಿಂದ, ಮುಂಬೈಗೆ 1709ರಿಂದ, ಬಂಗಾಳಕ್ಕೆ 1713ರಿಂದ. ಅದಕ್ಕೂ ಹಿಂದೆ ಇಲ್ಲಿಗೆ ಬಂದು ಸತ್ತವನಿಗೆ ಕಲ್ಲೇ ಗತಿ.

ಕಲ್ಲು ಎಂದಕೂಡಲೇ ಎಲ್ಲರೂ ಸೂರತ್ತಿನ ಕಡೆ ಕೈ ತೋರಿಸುತ್ತಾರೆ. ವಡೋದರದ ಮಕರಪುರದಿಂದ ರೈಲು ಹತ್ತಿದರೆ ದಕ್ಷಿಣಕ್ಕೆ ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿ ಕತಾರ್‌ಗಾಮಿನ ಕಡೆ ಇಂಗ್ಲಿಷರ ಹಳೆಯ ಸ್ಮಶಾನವಿದೆ. 1649ರಲ್ಲಿ ತೀರಿಕೊಂಡ, ಅವರ ವ್ಯಾಪಾರದ ಕೋಠಿಯ ಅಧ್ಯಕ್ಷ ಫ್ರಾನ್ಸಿಸ್ ಬ್ರೆಟನ್ನನ ಗೋರಿ ಅಲ್ಲಿದೆ. ಆಕ್ಸೆಂಡನ್ ಅಣ್ಣತಮ್ಮಂದಿರ ಗೋರಿಯಂತೂ ನಲವತ್ತು ಅಡಿ ಎತ್ತರ, ಎರಡು ಅಂತಸ್ತು, ಮೇಲೊಂದು ಗುಮ್ಮಟ. ದೂರದಿಂದ ನೋಡಿದವರು ಯಾವನೋ ನವಾಬನದೆಂದುಕೊಳ್ಳಬೇಕು. ಕ್ರಿಸ್ಟೋಫರ್ ಸತ್ತದ್ದು 1659ರ ಏಪ್ರಿಲ್‌ನಲ್ಲಿ. 1664ರಲ್ಲಿ ಶಿವಾಜಿ ಸೂರತ್ತಿಗೆ ನುಗ್ಗಿದಾಗ ಕೋಠಿಯನ್ನು ಕಾಪಾಡಿಕೊಂಡ ಜಾರ್ಜ್ ಸತ್ತದ್ದು 1669ರ ಜುಲೈ 14ರಂದು. ಲ್ಯಾಟಿನ್ ಬರಹ ಧಾರಾಳವಾಗಿದೆ. ವರ್ತಕನ ಸಾವನ್ನು ಲೆಕ್ಕದ ಪುಸ್ತಕದ ಮಾತಿನಲ್ಲೇ ಹೇಳುವ ಚಮತ್ಕಾರವೂ ಇದೆ. ಆದರೆ ವಂಶ ಹುಡುಕುವವನಿಗೆ ಅದರಿಂದ ಹೆಚ್ಚೇನೂ ಆಗಬೇಕಾಗಿಲ್ಲ. ಜಾರ್ಜ್ ಕೆಂಟ್ ಪ್ರಾಂತ್ಯದ ಸರ್ ಜೇಮ್ಸ್ ಆಕ್ಸೆಂಡನ್ನನ ಮೂರನೆಯ ಮಗ, ಜಮೀನುದಾರರ ಮನೆಯವನು. ಮನೆತನದ ಕಾಗದಪತ್ರಗಳು ಕಂತೆ ಕಂತೆಯಾಗಿ ಉಳಿದಿವೆ. ಹಣವಿದ್ದವನ ವಂಶಾವಳಿ ತಾನಾಗಿ ಉಳಿಯುತ್ತದೆ.

ಆದ್ದರಿಂದ ವ್ಯಾಖ್ಯಾನಕ್ಕೆ ನಾನು ಆರಿಸಿಕೊಂಡದ್ದು ಸೂರತ್ತಿನ ಗುಮ್ಮಟವನ್ನಲ್ಲ, ನಮ್ಮ ಭಟ್ಕಳದ ಒಂದು ಕಲ್ಲನ್ನು. ಅಲ್ಲಿ ಮೂವರು ಇಂಗ್ಲಿಷರ ಗೋರಿಕಲ್ಲುಗಳಿರುವುದನ್ನು 1883ರ ಕೆನರಾ ಗೆಜೆಟಿಯರ್ ದಾಖಲಿಸಿತು. ಜಾರ್ಜ್ ವೈ ಮತ್ತು ಆಂಟನಿ ವೆರ್‌ವರ್ದಿ ವರ್ತಕರು, ಇಬ್ಬರೂ ಸತ್ತದ್ದು 1637ರಲ್ಲಿ. ಮೂರನೆಯವನ ಕಲ್ಲಿನ ಮಾತು ಇಷ್ಟೇ. ಸಾಲುಗಳಾಗಿ ಒಡೆದದ್ದು ಓದಿನ ಅನುಕೂಲಕ್ಕೆ.

ಮೂಲ

ಇಲ್ಲಿ ಮಲಗಿದೆ ದೇಹ,
ವಿಲಿಯಂ ಬಾರ್ಟನ್,
ಶಸ್ತ್ರವೈದ್ಯ;
ತೀರಿಕೊಂಡದ್ದು ನವೆಂಬರ್ 30,
ಲೋಕರಕ್ಷಕ ನಮ್ಮ ಪ್ರಭು ಕ್ರಿಸ್ತನ ವರ್ಷ
1638.

‘ಇಲ್ಲಿ ಮಲಗಿದೆ ದೇಹ’

ಇಲ್ಲಿ ಎಂದರೆ ಎಲ್ಲಿ? 1638ರ ಭಟ್ಕಳ ಬ್ರಿಟಿಷರ ಊರಲ್ಲ. ಕೆಳದಿಯ ವೀರಭದ್ರ ನಾಯಕನ ರಾಜ್ಯದ ಬಂದರು, ಘಟ್ಟದ ಮೇಲಿನ ಮೆಣಸು ಇಳಿದು ಬರುವ ಜಾಗ. ಇಂಗ್ಲಿಷರಲ್ಲೂ ಇವರು ಸೂರತ್ತಿನ ಈಸ್ಟ್ ಇಂಡಿಯಾ ಕಂಪನಿಯವರಲ್ಲ, ಅದರ ಎದುರಾಳಿಗಳು. ಕಂಪನಿಗೆ ಏಕಸ್ವಾಮ್ಯವಿದ್ದರೂ ದೊರೆ ಒಂದನೇ ಚಾರ್ಲ್ಸ್ 1635ರ ಕೊನೆಯಲ್ಲಿ ಸರ್ ವಿಲಿಯಂ ಕೋರ್ಟೀನ್ ಎಂಬ ಲಂಡನ್ನಿನ ಸಾಹುಕಾರನಿಗೂ ಪರವಾನಗಿ ಕೊಟ್ಟುಬಿಟ್ಟ. 1636ರ ಏಪ್ರಿಲ್‌ನಲ್ಲಿ ಕ್ಯಾಪ್ಟನ್ ಜಾನ್ ವೆಡೆಲ್ಲನ ಕೈಕೆಳಗೆ ನಾಲ್ಕು ಹಡಗು, ಎರಡು ಸಣ್ಣ ನೌಕೆ ಹೊರಟವು. ಅವು ಗೋವೆಗೆ ಬಂದು, 1637ರ ಮೊದಲ ತಿಂಗಳುಗಳಲ್ಲಿ ಭಟ್ಕಳಕ್ಕೆ ಬಂದವು. ವೆಡೆಲ್ ಕಳಿಸಿದ ನಿಯೋಗ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ನಾಯಕನನ್ನು ಕಂಡು ಕೋಠಿ ತೆರೆಯಲು ಅಪ್ಪಣೆ ಪಡೆಯಿತು. ಆ ನಿಯೋಗದಲ್ಲಿದ್ದ ಕಾರ್ನ್‌ವಾಲಿನ ಪೀಟರ್ ಮಂಡಿ ಎಂಬಾತ ದಾರಿಯನ್ನೂ ದರ್ಬಾರನ್ನೂ ದಿನಚರಿಯಲ್ಲಿ ಬರೆದಿಟ್ಟ. ಈತ ಮೊದಲು ಸೂರತ್ತಿನ ಕೋಠಿಯಲ್ಲೇ ಇದ್ದವನು. 1630ರ ಗುಜರಾತ್ ಬರಗಾಲದಲ್ಲಿ ದಾರಿಯುದ್ದಕ್ಕೂ ಹೆಣಗಳನ್ನು ಕಂಡವನು. ಒಬ್ಬನೇ ಮನುಷ್ಯನ ದಿನಚರಿಯಲ್ಲಿ ಸೂರತ್ ಮತ್ತು ಇಕ್ಕೇರಿ ಎರಡೂ ಸಿಗುವುದು ನಮ್ಮ ಅದೃಷ್ಟ.

‘ಇಲ್ಲಿ’ ಎಂಬ ಮಾತಿನ ಪ್ರಯೋಜನ ಇದು. ಬಾರ್ಟನ್ನನನ್ನು ಕಂಪನಿಯ ಕಡತದಲ್ಲಿ ಕಂಪನಿಯ ನೌಕರನೆಂದು ಹುಡುಕಿದರೆ ಸಿಗಲಾರ. ಕೋರ್ಟೀನನ ಜನರನ್ನು ದೂರುತ್ತ ಸೂರತ್ತಿನವರು ಲಂಡನ್ನಿಗೆ ಬರೆದ ಪತ್ರಗಳಲ್ಲಿ ಹುಡುಕಬೇಕು. ವಿಲಿಯಂ ಫೋಸ್ಟರ್ ಅವುಗಳ ಸಾರಾಂಶಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದ್ದಾನೆ. ವೈರಿ ಬರೆದ ದೂರಿನಲ್ಲಿ ಪೂರ್ವಜ ಸಿಗುವುದು ಇಂಥ ಹುಡುಕಾಟದಲ್ಲಿ ಹೊಸದಲ್ಲ.

ಇನ್ನು ಕಲ್ಲು. ಭಟ್ಕಳ ಕಲ್ಲುಕುಟಿಗರಿಗೆ ಹೆಸರಾದ ಊರು. ಖೇತಪೈ ನಾರಾಯಣ ದೇವಸ್ಥಾನದ ಗೋಡೆಯ ಸಾಲುಗಳನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಅಂಥ ಊರಲ್ಲಿ ಇಂಗ್ಲಿಷ್ ಅಕ್ಷರದ ನಕ್ಷೆಯನ್ನು ಮುಂದಿಟ್ಟುಕೊಂಡು ಕೊರೆದವನು ಊರಿನವನೇ ಇರಬೇಕೆಂದು ನನ್ನ ಊಹೆ. ಮೆಣಸು ಕೊಳ್ಳಲು ಬಂದ ಹಡಗಿನಲ್ಲಿ ಶಿಲ್ಪಿಯನ್ನು ಯಾರೂ ಕರೆತರುವುದಿಲ್ಲ.

ಒಂದು ಎಚ್ಚರಿಕೆಯೂ ಇಲ್ಲೇ ಇರಲಿ. ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಹಡಗಿನ ಕಪ್ತಾನ 1727ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಭಟ್ಕಳದ ಕತೆಯೊಂದನ್ನು ಹೇಳಿದ್ದಾನೆ. 1670ರಲ್ಲಿ ಇಂಗ್ಲಿಷರ ಬುಲ್‌ಡಾಗ್ ನಾಯಿ ದೇವರಿಗೆ ಬಿಟ್ಟ ಹಸುವನ್ನು ಕೊಂದಿತಂತೆ, ರೊಚ್ಚಿಗೆದ್ದ ಜನ ಕೋಠಿಯ ಹದಿನೆಂಟು ಮಂದಿಯನ್ನೂ ಕೊಂದರಂತೆ. ಕತೆ ರೋಚಕವಾಗಿದೆ, ಹಾಗಾಗಿಯೇ ಭಟ್ಕಳವೆಂದರೆ ಎಲ್ಲರಿಗೂ ಇದೇ ನೆನಪಾಗುತ್ತದೆ. ಆದರೆ ಕೈಗೆ ಸಿಕ್ಕಿರುವ ಕಲ್ಲುಗಳು ಆ ಇಸವಿಗಿಂತ ಮೂವತ್ತು ವರ್ಷ ಹಿಂದಿನವು. ಬಾರ್ಟನ್ನನನ್ನು ಆ ಹದಿನೆಂಟರಲ್ಲಿ ಸೇರಿಸಿ ಹುತಾತ್ಮನನ್ನಾಗಿ ಮಾಡುವ ಆಸೆ ಯಾವ ವಂಶಸ್ಥನಿಗಾದರೂ ಬಂದರೆ, ಕಲ್ಲಿನ ಕೊನೆಯ ಸಾಲು ಅದಕ್ಕೆ ಅವಕಾಶ ಕೊಡುವುದಿಲ್ಲ.

‘ವಿಲಿಯಂ ಬಾರ್ಟನ್’

ಹುಡುಕುವವನಿಗೆ ಇದು ಕಷ್ಟದ ಸಾಲು. ವಿಲಿಯಂ ಎಂಬ ಹೆಸರು ಆ ಕಾಲದ ಇಂಗ್ಲೆಂಡಿನಲ್ಲಿ ಓಣಿಗೊಂದು. ಬಾರ್ಟನ್ ಎಂಬುದು ಊರ ಹೆಸರಿನಿಂದ ಬಂದ ಅಡ್ಡಹೆಸರು. ಆ ಹೆಸರಿನ ಊರುಗಳು ಇಂಗ್ಲೆಂಡಿನ ಉದ್ದಗಲಕ್ಕೂ ಇವೆ. ಚರ್ಚಿನ ಪುಸ್ತಕಗಳಲ್ಲಿ ವಿಲಿಯಂ ಬಾರ್ಟನ್ ಎಂಬ ಕೂಸು ಸಿಕ್ಕಿತೆಂದು ಕುಣಿದಾಡುವ ಹಾಗಿಲ್ಲ, ಎಷ್ಟೋ ಮಂದಿ ಸಿಗುತ್ತಾರೆ. ಮನೆಯಲ್ಲಿ ಕೂತು ವಂಶವೃಕ್ಷ ಕಟ್ಟುವವರು ಎಡವುವುದು ಇಲ್ಲೇ: ಹೆಸರು ಹೊಂದಿತು, ಕಾಲವೂ ಹೆಚ್ಚುಕಡಿಮೆ ಹೊಂದಿತು, ಹಾಗಾದರೆ ಇವನೇ ಅವನು. ಅದೇ ಊರಿನ ಪುಸ್ತಕದಲ್ಲಿ ಆ ಕೂಸನ್ನು ಆರು ತಿಂಗಳಿಗೇ ಮಣ್ಣು ಮಾಡಿದ ಸಾಲು ಇದೆಯೇ ಎಂದು ನೋಡುವ ತಾಳ್ಮೆ ಬೇಕು.

ಪಕ್ಕದ ಕಲ್ಲಿನ ವೆರ್‌ವರ್ದಿಯ ವಂಶಸ್ಥರು ಪುಣ್ಯವಂತರು. ಅಪರೂಪದ ಹೆಸರು ಇದ್ದಷ್ಟೂ ಕೆಲಸ ಹಗುರ. ಅವರಿಗಿರುವ ತೊಂದರೆ ಕಾಗುಣಿತದ್ದು. ಒಬ್ಬ ಬರೆದದ್ದು ವೆರ್‌ವರ್ದಿ, ಇನ್ನೊಬ್ಬ ಬರೆದದ್ದು ವರ್ನ್‌ವರ್ದಿ. ಹದಿನೇಳನೆಯ ಶತಮಾನದಲ್ಲಿ ಸ್ವಂತ ಹೆಸರಿಗೂ ಕಟ್ಟುನಿಟ್ಟಾದ ಕಾಗುಣಿತ ಇರಲಿಲ್ಲ. ಸೂರತ್ತಿನ ಆಕ್ಸೆಂಡನ್ನರೇ ಆಕ್ಸಿಂಡೆನ್ ಎಂದೂ ಬರೆದುಕೊಂಡಿದ್ದಾರೆ. ಕಿವಿಗೆ ಕೇಳಿದಂತೆ ಬರೆಯುತ್ತಿದ್ದ ಕಾಲದ ಹೆಸರನ್ನು ಕಿವಿಯಿಂದಲೇ ಹುಡುಕಬೇಕು. ಕಂಪ್ಯೂಟರಿನಲ್ಲಿ ಒಂದೇ ಕಾಗುಣಿತ ಕೊಟ್ಟು, ಸಿಗಲಿಲ್ಲವೆಂದು ಕೈಚೆಲ್ಲುವುದು ಸರಿಯಲ್ಲ.

‘ಶಸ್ತ್ರವೈದ್ಯ’

ಇಡೀ ಕಲ್ಲಿನಲ್ಲಿ ಬೆಲೆಬಾಳುವ ಸಾಲು ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಹೆಸರು ನೂರಾರು ಜನರದು, ದಿನಾಂಕ ಎಲ್ಲರದೂ. ಕಸುಬು ಮಾತ್ರ ಮನುಷ್ಯನನ್ನು ಗುಂಪಿನಿಂದ ಬೇರ್ಪಡಿಸುತ್ತದೆ.

ಆ ಕಾಲದ ಇಂಗ್ಲೆಂಡಿನಲ್ಲಿ ವೈದ್ಯರು ಒಂದೇ ಬಗೆಯವರಲ್ಲ. ನಾಡಿ, ಮೂತ್ರ ನೋಡಿ ಔಷಧಿ ಬರೆದುಕೊಡುವ ವೈದ್ಯ ವಿಶ್ವವಿದ್ಯಾನಿಲಯದಲ್ಲಿ ಲ್ಯಾಟಿನ್ ಓದಿ ಬಂದ ದೊಡ್ಡ ಮನುಷ್ಯ. ಗಾಯ ಹೊಲಿಯುವವನು, ಮೂಳೆ ಕೂಡಿಸುವವನು, ಕೊಳೆತ ಕಾಲನ್ನು ಗರಗಸದಲ್ಲಿ ಕೊಯ್ಯುವವನು ಶಸ್ತ್ರವೈದ್ಯ; ಅವನದು ಕೈಕಸುಬು. 1540ರಿಂದ 1745ರವರೆಗೆ ಲಂಡನ್ನಿನಲ್ಲಿ ಕ್ಷೌರಿಕರಿಗೂ ಶಸ್ತ್ರವೈದ್ಯರಿಗೂ ಒಂದೇ ಸಂಘ. ಕತ್ತಿ ಹಿಡಿಯುವವರೆಲ್ಲ ಒಂದೇ ಜಾತಿ ಎಂಬ ಲೆಕ್ಕ. ಹಾಗಾಗಿ ಬಾರ್ಟನ್ನನನ್ನು ಆಕ್ಸ್‌ಫರ್ಡ್, ಕೇಂಬ್ರಿಜಿನ ಪಟ್ಟಿಗಳಲ್ಲಿ ಹುಡುಕುವುದು ಕಾಲಹರಣ. ಅವನು ಯಾವನೋ ಗುರುವಿನ ಮನೆಯಲ್ಲಿ ಏಳು ವರ್ಷ ಶಿಷ್ಯವೃತ್ತಿ ಮಾಡಿ ಕಲಿತವನು. ಲಂಡನ್ನಿನ ಕಸುಬಿನ ಸಂಘಗಳು ಶಿಷ್ಯನನ್ನು ಸೇರಿಸಿಕೊಳ್ಳುವಾಗ ಅವನ ತಂದೆಯ ಹೆಸರು, ಊರು, ತಂದೆಯ ಕಸುಬನ್ನು ಬರೆದುಕೊಳ್ಳುವುದು ರೂಢಿ. ವಂಶ ಹುಡುಕುವವನಿಗೆ ಬೇಕಾದ ಮೂರೂ ಒಂದೇ ಸಾಲಿನಲ್ಲಿ! ಲಂಡನ್ನಿನ ಹೊರಗಿನವನಾದರೆ ಬಿಷಪ್ಪನ ಕಚೇರಿಯನ್ನು ನೋಡಬೇಕು. 1511ರ ಕಾನೂನಿನಿಂದಾಗಿ ವೈದ್ಯಕ್ಕೂ ಶಸ್ತ್ರವೈದ್ಯಕ್ಕೂ ಪರವಾನಗಿ ಕೊಡುವ ಅಧಿಕಾರ ಬಿಷಪ್ಪರಿಗೆ ಬಂದಿತ್ತು.

ಹಡಗಿನಲ್ಲಿ ಅವನ ಆಸ್ತಿಯೆಂದರೆ ಒಂದು ಪೆಟ್ಟಿಗೆ. ಅದರಲ್ಲಿ ಏನೇನಿರಬೇಕೆಂದು ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಶಸ್ತ್ರವೈದ್ಯ ಜಾನ್ ವುಡಾಲ್ 1617ರಲ್ಲೇ ಪುಸ್ತಕ ಬರೆದಿದ್ದ: ಗರಗಸ, ಹಲ್ಲು ಕೀಳುವ ಇಕ್ಕಳ, ಸುಟ್ಟು ರಕ್ತ ನಿಲ್ಲಿಸುವ ಕಬ್ಬಿಣದ ಸಲಾಕೆ, ಮುಲಾಮು, ಬಟ್ಟೆಪಟ್ಟಿ. ತಿಂಗಳುಗಟ್ಟಲೆ ಒಣ ರೊಟ್ಟಿ, ಉಪ್ಪುಮಾಂಸ ತಿಂದು ಒಸಡು ಕೊಳೆತು ಸಾಯುವ ನಾವಿಕರಿಗೆ ನಿಂಬೆರಸ ಕೊಡಿ ಎಂದೂ ಆ ಪುಸ್ತಕ ಹೇಳುತ್ತದೆ. ಜೇಮ್ಸ್ ಲಿಂಡ್ ಅದೇ ಮಾತನ್ನು ಪ್ರಯೋಗ ಮಾಡಿ ತೋರಿಸಿದ್ದು 1747ರಲ್ಲಿ. ಬಾರ್ಟನ್ ಕೋರ್ಟೀನನ ಕಡೆಯವನಾದರೂ ಕಸುಬಿನ ಪಾಠ ಎಲ್ಲರಿಗೂ ಒಂದೇ. ಭಟ್ಕಳದ ಸಂತೆಯಲ್ಲಿ ನಿಂಬೆಹಣ್ಣಿಗೇನೂ ಕೊರತೆ ಇದ್ದಿರಲಾರದು.

ಶಸ್ತ್ರವೈದ್ಯ ಪೂರ್ವಜನೆಂದರೆ ಐತಿಹ್ಯ ತಾನಾಗಿ ಬಂದು ಅಂಟಿಕೊಳ್ಳುತ್ತದೆ. ಸೂರತ್ತಿನ ಗೇಬ್ರಿಯಲ್ ಬೌಟನ್ನನನ್ನೇ ನೋಡಿ. ಸುಟ್ಟ ಗಾಯಗಳಿಂದ ನರಳುತ್ತಿದ್ದ ಷಹಜಹಾನನ ಮಗಳು ಜಹಾನಾರಾಳನ್ನು ಈತ ಗುಣಪಡಿಸಿದ, ಬಹುಮಾನ ಏನು ಬೇಕೆಂದಾಗ ತನಗೇನನ್ನೂ ಕೇಳದೆ ತನ್ನ ದೇಶದವರಿಗೆ ಬಂಗಾಳದಲ್ಲಿ ಸುಂಕವಿಲ್ಲದ ವ್ಯಾಪಾರ ಕೇಳಿದ ಎಂಬ ಕತೆ ಶಾಲಾಪುಸ್ತಕಗಳಲ್ಲೂ ಬಂತು. ಜಹಾನಾರಾ ಸುಟ್ಟುಕೊಂಡದ್ದು 1644ರಲ್ಲಿ, ಆ ವರ್ಷದ ಕೊನೆಯೊಳಗೆ ಗುಣವೂ ಆದಳು. ಬೌಟನ್ ಸೂರತ್ತಿನಿಂದ ಮೊಗಲರ ಆಸ್ಥಾನಕ್ಕೆ ಹೊರಟದ್ದು 1645ರಲ್ಲಿ. ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು, ಕತೆ ಬಿದ್ದುಹೋಗುತ್ತದೆ.

‘ತೀರಿಕೊಂಡದ್ದು ನವೆಂಬರ್ 30’

ಸಂತ ಆಂಡ್ರೂವಿನ ಹಬ್ಬದ ದಿನ. ಆದರೆ ಯಾರ ನವೆಂಬರ್ 30? ಭಟ್ಕಳದಿಂದ ಉತ್ತರಕ್ಕಿರುವ ಗೋವೆಯ ಪೋರ್ಚುಗೀಸರಿಗೆ ಅದು ಡಿಸೆಂಬರ್ 10. ಪೋಪ್ ಗ್ರೆಗರಿ 1582ರಲ್ಲಿ ಪಂಚಾಂಗವನ್ನು ತಿದ್ದಿ ಹತ್ತು ದಿನ ಕಿತ್ತುಹಾಕಿದ. ಕ್ಯಾಥೊಲಿಕ್ ಪೋರ್ಚುಗೀಸರು ಒಪ್ಪಿಕೊಂಡರು, ಪೋಪನನ್ನು ಕಂಡರಾಗದ ಇಂಗ್ಲಿಷರು 1752ರವರೆಗೂ ಹಳೆಯದನ್ನೇ ಹಿಡಿದು ಕೂತರು. ಗೋವೆಯ ಕಾಗದಗಳಲ್ಲಿ ಭಟ್ಕಳದ ಇಂಗ್ಲಿಷರ ಸುದ್ದಿ ಹುಡುಕುವವರು ಈ ಹತ್ತು ದಿನಗಳನ್ನು ಕೂಡಿಸಿಕೊಳ್ಳಬೇಕು.

ಇದಕ್ಕಿಂತ ತೊಡಕಿನದು ಇನ್ನೊಂದಿದೆ. ಇಂಗ್ಲಿಷರಿಗೆ ಆಗ ಹೊಸ ವರ್ಷ ಜನವರಿ 1ಕ್ಕಲ್ಲ, ನಮ್ಮ ಯುಗಾದಿಯ ಆಸುಪಾಸಿಗೆ, ಮಾರ್ಚ್ 25ಕ್ಕೆ. ಜಾರ್ಜ್ ವೈ ಸತ್ತದ್ದು 1637ರ ಮಾರ್ಚ್ 31, ಮರುದಿನ ಏಪ್ರಿಲ್ 1ಕ್ಕೆ ವೆರ್‌ವರ್ದಿ ಸತ್ತ. ಇಬ್ಬರೂ ಹೊಸ ವರ್ಷದ ಮೊದಲ ಎಂಟು ದಿನಗಳೊಳಗೆ ಹೋದವರು. ಅದೇ ವೈ ಹನ್ನೊಂದು ದಿನ ಮುಂಚೆ, ಮಾರ್ಚ್ 20ಕ್ಕೆ ಸತ್ತಿದ್ದರೆ ಕಲ್ಲಿನಲ್ಲಿ 1636 ಎಂದೇ ಕೊರೆಯಬೇಕಾಗುತ್ತಿತ್ತು. ಆಗ ಓದಿದವರು, ಹಡಗು ಭಟ್ಕಳಕ್ಕೆ ಬರುವ ಮುಂಚೆಯೇ ಇವನು ಸತ್ತನೇ ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಚರ್ಚಿನ ಪುಸ್ತಕಗಳಲ್ಲಿ ಡಿಸೆಂಬರ್ 1610ರಲ್ಲಿ ಮದುವೆಯಾದವರಿಗೆ ಫೆಬ್ರವರಿ 1610ರಲ್ಲಿ ಮಗುವಿಗೆ ದೀಕ್ಷಾಸ್ನಾನ ಎಂದಿದ್ದರೆ, ಮಗು ಮದುವೆಯ ನಂತರದ್ದು, ಮುಂಚಿನದಲ್ಲ. ಇದು ತಿಳಿಯದೆ ಎಷ್ಟು ಮುತ್ತಜ್ಜಿಯರ ಮೇಲೆ ಮೊಮ್ಮಕ್ಕಳು ಅಪವಾದ ಹೊರಿಸಿದ್ದಾರೋ.

‘ಲೋಕರಕ್ಷಕ ನಮ್ಮ ಪ್ರಭು ಕ್ರಿಸ್ತನ ವರ್ಷ’

ಮೂರು ಕಲ್ಲಿನಲ್ಲೂ ಇದೇ ಲ್ಯಾಟಿನ್ ಒಕ್ಕಣೆ. ಹುಡುಕುವವನಿಗೆ ಇದರಲ್ಲಿ ಏನೂ ಇಲ್ಲ.

‘1638’

ವೈ ಮತ್ತು ವೆರ್‌ವರ್ದಿ ಸತ್ತಾಗ ಇಕ್ಕೇರಿ ಇಕ್ಕೇರಿಯಾಗಿತ್ತು. 1637ರ ಕೊನೆಯಲ್ಲಿ ಬಿಜಾಪುರದ ರಣದುಲ್ಲಾ ಖಾನ್ ದಂಡೆತ್ತಿ ಬಂದು ಅದನ್ನು ಹಿಡಿದ. ಆಮೇಲೆ ವೀರಭದ್ರ ನಾಯಕ ರಾಜಧಾನಿಯನ್ನು ಬಿದನೂರಿಗೆ ಸಾಗಿಸಿಕೊಂಡ. ಬಾರ್ಟನ್ ಸತ್ತ ಹೊತ್ತಿಗೆ, ಅವರಿಗೆ ಅಪ್ಪಣೆ ಕೊಟ್ಟಿದ್ದ ದರ್ಬಾರೇ ತತ್ತರಿಸಿತ್ತು. ಕೋರ್ಟೀನನ ಜನ ಅದೇ 1638ರಲ್ಲಿ ಕಾರವಾರದಲ್ಲೂ ಕೋಠಿ ಹಾಕಿದರು.

ಹಡಗುಗಳ ಗತಿ ಇನ್ನೂ ಕೆಟ್ಟದು. ವೆಡೆಲ್ ಭಟ್ಕಳದಿಂದ ಮುಂದೆ ಹೋಗಿ 1637ರ ಜೂನ್ ಕೊನೆಗೆ ಮಕಾವ್ ಮುಟ್ಟಿದ. ಚೀನಾದಿಂದ ಮರಳಿ, ಮತ್ತೆ ಇಂಗ್ಲೆಂಡಿಗೆ ಹೊರಟಾಗ ಅವನಿದ್ದ ಡ್ರ್ಯಾಗನ್ ಮತ್ತು ಜೊತೆಗಿದ್ದ ಕ್ಯಾಥರೀನ್ ಎರಡೂ ಹಡಗುಗಳು ಜನಸಮೇತ ಕಾಣೆಯಾದವು. ಪೀಟರ್ ಮಂಡಿ ಬೇರೆ ಹಡಗಿನಲ್ಲಿ ಹೋಗಿದ್ದರಿಂದ ಬದುಕಿಕೊಂಡ, ಅವನ ದಿನಚರಿಯೂ ಉಳಿಯಿತು. ಆ ಎರಡು ಹಡಗಿನವರಿಗೆ ಕಲ್ಲೂ ಇಲ್ಲ, ತಾರೀಖೂ ಇಲ್ಲ. ಆ ಲೆಕ್ಕದಲ್ಲಿ ಬಾರ್ಟನ್ ಭಾಗ್ಯವಂತ.

ಅನುಕ್ತ

ಕಲ್ಲು ಹೇಳಿದ್ದು ಮುಗಿಯಿತು. ಹೇಳದ್ದು ಇದಕ್ಕಿಂತ ಹೆಚ್ಚು: ವಯಸ್ಸಿಲ್ಲ, ತಂದೆಯ ಹೆಸರಿಲ್ಲ, ಊರಿಲ್ಲ, ಹೆಂಡತಿಯಿಲ್ಲ. ವಯಸ್ಸು ಒಂದಿದ್ದಿದ್ದರೆ ಹುಟ್ಟಿದ ವರ್ಷ ಸಿಗುತ್ತಿತ್ತು, ನೂರು ಬಾರ್ಟನ್ನರಲ್ಲಿ ತೊಂಬತ್ತೈದು ಮಂದಿಯನ್ನು ಅಲ್ಲೇ ಹೊಡೆದುಹಾಕಬಹುದಿತ್ತು. ಅದಿಲ್ಲದೆ ಇಪ್ಪತ್ತೈದರಿಂದ ಐವತ್ತರೊಳಗಿನವನೆಂದು ಹಿಡಿದು 1588ರಿಂದ 1613ರವರೆಗಿನ ಪುಸ್ತಕಗಳನ್ನೆಲ್ಲ ತಿರುವಬೇಕು.

ಹೆಂಡತಿ ಇರಲಿಲ್ಲವೆಂದು ಕಲ್ಲಿನ ಮೌನದಿಂದ ತೀರ್ಮಾನಿಸುವಂತಿಲ್ಲ. 1608ರಲ್ಲಿ ಸೂರತ್ತಿಗೆ ಬಂದಿಳಿದ ಕ್ಯಾಪ್ಟನ್ ವಿಲಿಯಂ ಹಾಕಿನ್ಸ್ ಜಹಾಂಗೀರನ ಆಸ್ಥಾನದಲ್ಲಿ ಮರಿಯಂ ಎಂಬ ಆರ್ಮೇನಿಯನ್ ಹೆಣ್ಣುಮಗಳನ್ನು ಮದುವೆಯಾದ. ಊರಿಗೆ ಮರಳುವಾಗ ದಾರಿಯಲ್ಲೇ ಅವನು ಸತ್ತ. ಅವಳು ಗೇಬ್ರಿಯಲ್ ಟವರ್‌ಸನ್ ಎಂಬ ಇನ್ನೊಬ್ಬ ಕಂಪನಿಯವನನ್ನು ಮದುವೆಯಾಗಿ ಭಾರತಕ್ಕೆ ಮರಳಿ ಬಂದಳು. ಮುಂದೆ 1623ರಲ್ಲಿ ಅಂಬೊಯ್ನಾದಲ್ಲಿ ಡಚ್ಚರು ಟವರ್‌ಸನ್ನನ ತಲೆ ತೆಗೆದರು. ಮರಿಯಂಳ ಹೆಸರು ಉಳಿದದ್ದು ಗಂಡಂದಿರು ದೊಡ್ಡ ಹುದ್ದೆಯವರಾಗಿದ್ದರಿಂದ. ಸಾಮಾನ್ಯ ಗುಮಾಸ್ತನನ್ನೋ ನಾವಿಕನನ್ನೋ ಕಟ್ಟಿಕೊಂಡ ಇಲ್ಲಿಯ ಹೆಣ್ಣುಮಕ್ಕಳ ಹೆಸರನ್ನು ಕಲ್ಲಿಗೂ ಹಾಕಲಿಲ್ಲ, ಕಾಗದಕ್ಕೂ ಹಾಕಲಿಲ್ಲ. ಎರಡು ಶತಮಾನದ ನಂತರದ ನೋಂದಣಿಗಳಲ್ಲೂ ಎಷ್ಟೋ ಕೂಸುಗಳ ತಾಯಿಯ ಜಾಗ ಖಾಲಿ ಇರುತ್ತದೆ, ಇಲ್ಲವೇ ‘ದೇಶೀಯ ಹೆಂಗಸು’ ಎಂದಿಷ್ಟೇ ಇರುತ್ತದೆ. ಇಂಗ್ಲಿಷ್ ಪೂರ್ವಜನನ್ನು ಹುಡುಕುವ ಆಂಗ್ಲೋ ಇಂಡಿಯನ್ ಮನೆತನಗಳ ಅರ್ಧ ವಂಶ ಆ ಖಾಲಿ ಜಾಗದಲ್ಲೇ ಹೂತುಹೋಗಿದೆ. ಆ ಅರ್ಧದ ಬಗ್ಗೆ ಯಾರೂ ಅಷ್ಟೊಂದು ಆಸ್ಥೆಯಿಂದ ಹುಡುಕುವುದಿಲ್ಲ ಎಂಬುದೂ ನಿಜ.

ಹಾಗಾದರೆ ಬಾರ್ಟನ್ ಯಾರ ಮಗ? ಉತ್ತರ ಕಲ್ಲಿನಲ್ಲಿಲ್ಲ, ಹಣದ ಲೆಕ್ಕದಲ್ಲಿದ್ದರೆ ಇರಬೇಕು. ಹಡಗಿನವನು ಸತ್ತರೆ ಅವನ ಬಟ್ಟೆಬರೆ, ಪೆಟ್ಟಿಗೆಗಳನ್ನು ಪಟಗಂಬದ ಬುಡದಲ್ಲಿ ಹರಾಜು ಹಾಕಿ, ಬಂದ ಹಣವನ್ನು ಬಾಕಿ ಸಂಬಳಕ್ಕೆ ಸೇರಿಸಿ ಊರಿನ ವಾರಸುದಾರರಿಗೆ ಕೊಡುವುದು ವಾಡಿಕೆ. ಅದನ್ನು ಪಡೆಯಲು ತಾಯಿಯೋ ತಂಗಿಯೋ ಉಯಿಲು ಹಿಡಿದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನ ನ್ಯಾಯಾಲಯಕ್ಕೆ ಹೋಗಬೇಕಿತ್ತು. ಹೊರದೇಶದಲ್ಲಿ ಸತ್ತವರ ಉಯಿಲುಗಳು ಅಲ್ಲೇ ಇತ್ಯರ್ಥವಾಗುತ್ತಿದ್ದವು. ಸಾಯುವವನು ಹಾಸಿಗೆಯ ಸುತ್ತ ನಿಂತವರಿಗೆ ಬಾಯಲ್ಲಿ ಹೇಳಿದ ಉಯಿಲನ್ನೂ ಸಾಕ್ಷಿ ಪಡೆದು ದಾಖಲಿಸುತ್ತಿದ್ದರು. ಆ ಪುಸ್ತಕಗಳು ಈಗ ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ. ಇನ್ನೊಂದು ದಾರಿ ಕೋರ್ಟೀನ್ ಮನೆತನದ ದಿವಾಳಿಯದು. ಸರ್ ವಿಲಿಯಂ ಹಡಗುಗಳು ಹೊರಟ ಮರುತಿಂಗಳೇ ಸತ್ತ, ಮಗ ಸಾಲಗಾರರಿಗೆ ಹೆದರಿ ದೇಶ ಬಿಟ್ಟ, ವ್ಯಾಜ್ಯ ದಶಕಗಟ್ಟಲೆ ನಡೆಯಿತು. ಅದೇ ಹೆಸರಿನ ಮೊಮ್ಮಗ ಕೂಡಿಟ್ಟ ವಿಚಿತ್ರ ವಸ್ತುಗಳ ಸಂಗ್ರಹ ಹ್ಯಾನ್ಸ್ ಸ್ಲೋನ್ ಎಂಬ ವೈದ್ಯನ ಕೈಸೇರಿತು; ಬ್ರಿಟಿಷ್ ಮ್ಯೂಸಿಯಂ ಹುಟ್ಟಿದ್ದೇ ಆ ಸ್ಲೋನನ ಸಂಗ್ರಹದಿಂದ. ಮನೆತನದ ಕೆಲವು ಕಾಗದಗಳೂ ಸ್ಲೋನನ ಹಸ್ತಪ್ರತಿಗಳ ಜೊತೆ ಸೇರಿಕೊಂಡವು. ಸಂಬಳ ಸಿಗದವರ ಗೋಳು ಇದ್ದರೆ ಇಂಥ ಕಡೆಯೇ ಇರುತ್ತದೆ.

ಕರಾವಳಿಯಲ್ಲಿ ಪೂರ್ವಜರನ್ನು ಹುಡುಕುವವರಿಗೆ ಕೊನೆಯದಾಗಿ ಒಂದು ಮಾತು. ಬಾರ್ಟನ್ನನಿಗಿಂತ ನಂತರದವರು, ಎಂದರೆ ಬ್ರಿಟಿಷ್ ಆಳ್ವಿಕೆಯಲ್ಲಿ ಭಟ್ಕಳ, ಹೊನ್ನಾವರ, ಕಾರವಾರಗಳಲ್ಲಿ ತೀರಿಕೊಂಡವರು ನಿಮಗೆ ಬೇಕಿದ್ದರೆ ಮೊದಲು ಇಸವಿ ನೋಡಿಕೊಳ್ಳಿ. ಉತ್ತರ ಕನ್ನಡ 1862ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆಮೇಲೆ ಮುಂಬೈಗೆ ಸೇರಿತು. 1862ಕ್ಕೆ ಮುಂಚಿನವರಿಗೆ ಮದ್ರಾಸಿನ ಕಡತ ತೆಗೆಯಿರಿ, ನಂತರದವರಿಗೆ ಮುಂಬೈಯದು.